ಮಕ್ಕಳ ಶರೀರದಲ್ಲಿ ವಿವಿಧ ಸಕ್ಕರೆಗಳು: ಭೀಮಾ ತೀರದ ಕಬ್ಬಿನ ಸೀಮೆಯ ಪೋಷಕರಿಗೆ ಮಾಹಿತಿ

ವಿಜಯಪುರ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಮೇಲಿರುವ ದೇವಣಗಾಂವ ಹಾಗೂ ಅದರ ಸುತ್ತಲಿನ ಸಿಂದಗಿ, ಆಲಮೇಲ, ಇಂಡಿ ಭಾಗದ ಗ್ರಾಮಗಳು ಮೂಲತಃ ಬಿಳಿಜೋಳದ ಸೀಮೆಗೆ ಸೇರಿದವು. ನದಿಯ ಹಾಗೂ ಕಾಲುವೆಯ ನೀರು ಹೊಲಗಳಿಗೆ ತಲುಪಿದಂತೆಲ್ಲ ಇಲ್ಲಿ ಕಬ್ಬಿನ ಬೆಳೆ ವಿಸ್ತರಿಸಿದೆ. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಆಲಮೇಲ ಭಾಗದಲ್ಲಿಯೂ ಕಬ್ಬು ನುರಿಸಲಾಗುತ್ತದೆ. ಹಂಗಾಮು ಬಂದಿತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಓಡಿ ಒಂದು ಜಲ್ಲೆಯನ್ನು ಎಳೆದುಕೊಳ್ಳದ ಮಕ್ಕಳು ಈ ಭಾಗದಲ್ಲಿ ವಿರಳ. ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಎರೆದ ಸಕ್ಕರೆ ಆರತಿ, ಸಂಕ್ರಾಂತಿಗೆ ಕುಸುರೆಳ್ಳು, ದರ್ಗಾಗಳಲ್ಲಿ ಓದಿಸಿದ ಸಕ್ಕರೆ, ಹಬ್ಬದೂಟಕ್ಕೆ ಮಾದಲಿ ಹಾಗೂ ಶೇಂಗಾ ಹೋಳಿಗೆ, ಹೀಗೆ ಸಿಹಿಯು ಇಲ್ಲಿಯ ಜನಜೀವನದ ಭಾಗವೇ ಆಗಿದೆ.

ಇಂತಹ ಪ್ರದೇಶದಲ್ಲಿ ಸಕ್ಕರೆಯ ಕುರಿತು ಕೆಲವು ನಂಬಿಕೆಗಳು ಬೇರೂರಿರುವುದು ಸಹಜ. ಬಿಳಿ ಸಕ್ಕರೆ ಕೆಟ್ಟದ್ದು, ಬೆಲ್ಲ ಎಷ್ಟಾದರೂ ತಿನ್ನಬಹುದು ಎಂಬುದು ಒಂದು. ಜೇನುತುಪ್ಪ ಹಸುಗೂಸಿಗೂ ಹಿತ ಎಂಬುದು ಇನ್ನೊಂದು. ಬಳಲಿದ ಮಗುವಿಗೆ ಗ್ಲೂಕೋಸ್ ಪುಡಿ ಕಲಸಿ ಕೊಟ್ಟರೆ ಬಲ ಬರುತ್ತದೆ ಎಂಬುದು ಮತ್ತೊಂದು. ಸಿಹಿ ತಿಂದ ಮಗುವಿಗೆ ಸಕ್ಕರೆ ಕಾಯಿಲೆ ಬರುತ್ತದೆ ಎಂಬ ಭಯವೂ ಉಂಟು. ಇವುಗಳಲ್ಲಿ ಎರಡನೆಯದು ಪೂರ್ಣ ತಪ್ಪು ಮತ್ತು ಅಪಾಯಕಾರಿ. ಉಳಿದವುಗಳಲ್ಲಿ ಸ್ವಲ್ಪ ನಿಜ, ಹೆಚ್ಚು ಪಾಲು ತಪ್ಪು ಬೆರೆತಿದೆ. ಯಾವ ಸಕ್ಕರೆ ಮಗುವಿನ ಶರೀರವನ್ನು ಸೇರಿ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡಲ್ಲಿ ಈ ನಂಬಿಕೆಗಳ ಯೋಗ್ಯತೆಯನ್ನು ಪೋಷಕರು ತಾವೇ ಅಳೆಯಬಹುದಾಗಿದೆ.

ಸಕ್ಕರೆಗಳ ಬಗೆ

ರಸಾಯನಶಾಸ್ತ್ರದಲ್ಲಿ ಸಕ್ಕರೆ ಎಂಬುದು ಒಂದು ಕುಟುಂಬದ ಹೆಸರು. ಆಹಾರದಲ್ಲಿ ಮುಖ್ಯವಾಗಿ ಕಂಡುಬರುವ ಸರಳ ಸಕ್ಕರೆಗಳು ಮೂರು: ಗ್ಲೂಕೋಸ್, ಫ್ರಕ್ಟೋಸ್ ಮತ್ತು ಗ್ಯಾಲಕ್ಟೋಸ್. ಉಳಿದವು ಇವುಗಳ ಜೋಡಿಗಳು. ಕಬ್ಬಿನ ಸಕ್ಕರೆಯಾದ ಸುಕ್ರೋಸ್‌ನಲ್ಲಿ ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಸೇರಿಕೊಂಡಿರುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನಲ್ಲಿ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಇರುತ್ತವೆ. ಮೊಳಕೆ ಬರಿಸಿದ ಕಾಳುಗಳಲ್ಲಿ ದೊರೆಯುವ ಮಾಲ್ಟೋಸ್ ಎರಡು ಗ್ಲೂಕೋಸ್‌ಗಳ ಜೋಡಿ. ಜೋಳ, ಅಕ್ಕಿ, ಗೋಧಿಗಳಲ್ಲಿರುವ ಪಿಷ್ಟವು ಸಹ ಸಾವಿರಾರು ಗ್ಲೂಕೋಸ್ ಕಣಗಳ ಸರಪಳಿಯೇ ಆಗಿದ್ದು, ಜೀರ್ಣವಾದಾಗ ಗ್ಲೂಕೋಸ್ ಆಗಿಯೇ ರಕ್ತವನ್ನು ಸೇರುತ್ತದೆ.

ಜೋಡಿ ಸಕ್ಕರೆಯು ಜೋಡಿಯಾಗಿ ರಕ್ತವನ್ನು ಸೇರಲಾರದು. ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಕಿಣ್ವಗಳು ಅದನ್ನು ಮೊದಲು ಬಿಡಿಸುತ್ತವೆ. ಆದ್ದರಿಂದ ಸುಕ್ರೋಸ್ ಕಾರ್ಖಾನೆಯ ಚೀಲದಿಂದ ಬಂದಿರಲಿ, ಗಾಣದ ಕೊಪ್ಪರಿಗೆಯಿಂದ ಬಂದಿರಲಿ, ಕರುಳಿನ ಗೋಡೆಯನ್ನು ದಾಟುವ ಹೊತ್ತಿಗೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗಿರುತ್ತದೆ. ಅದರ ಬಣ್ಣವನ್ನಾಗಲಿ ಬೆಲೆಯನ್ನಾಗಲಿ ಶರೀರವು ಕೇಳುವುದಿಲ್ಲ.

ರಕ್ತದಲ್ಲಿರುವ ಸಕ್ಕರೆಯ ಲೆಕ್ಕ

ರಕ್ತದ ಸಕ್ಕರೆ ಎಂದರೆ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಮಾತ್ರ. ಆರೋಗ್ಯವಂತ ಮಗುವಿನಲ್ಲಿ ಬೆಳಗಿನ ಬರಿ ಹೊಟ್ಟೆಯ ಪ್ರಮಾಣವು ಪ್ರತಿ 100 ಮಿಲಿಲೀಟರ್ ರಕ್ತಕ್ಕೆ 70ರಿಂದ 100 ಮಿಲಿಗ್ರಾಂನ ಒಳಗಿರುತ್ತದೆ. ಇಪ್ಪತ್ತು ಕಿಲೋ ತೂಕದ ಮಗುವಿನ ಮೈಯಲ್ಲಿ ಸುಮಾರು ಒಂದೂವರೆ ಲೀಟರ್ ರಕ್ತವಿರುತ್ತದೆ. ಹಾಗಾದರೆ ಅದರ ಇಡೀ ರಕ್ತದಲ್ಲಿ ಒಂದು ಹೊತ್ತಿನಲ್ಲಿ ಇರುವ ಗ್ಲೂಕೋಸ್ ಒಂದೂವರೆ ಗ್ರಾಂಗಿಂತಲೂ ಕಡಿಮೆ, ಅಂದರೆ ಚಹಾ ಚಮಚದ ಮೂರನೆಯ ಒಂದು ಭಾಗದಷ್ಟು. ಇನ್ನೂರು ಮಿಲಿಲೀಟರ್ ತಂಪು ಪಾನೀಯದ ಒಂದು ಬಾಟಲಿಯಲ್ಲಿ 20 ಗ್ರಾಂಗೂ ಮಿಕ್ಕಿ ಸಕ್ಕರೆ ಇರುತ್ತದೆ. ಕೈಯಲ್ಲಿ ಒಂದೂವರೆ ರೂಪಾಯಿ ಇಟ್ಟುಕೊಂಡು ವ್ಯವಹಾರ ನಡೆಸುವ ಅಂಗಡಿಗೆ ಒಮ್ಮೆಲೇ ಇಪ್ಪತ್ತು ರೂಪಾಯಿ ಜಮಾ ಆದಂತೆ ಇದು. ಲೆಕ್ಕ ತಪ್ಪದಂತೆ ಅದನ್ನು ತಕ್ಷಣ ಬೇರೆಡೆಗೆ ವರ್ಗಾಯಿಸಲೇಬೇಕಾಗುತ್ತದೆ.

ಆ ವರ್ಗಾವಣೆಯ ಕೆಲಸವನ್ನು ನಡೆಸುವುದು ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್. ಅದರ ಅಪ್ಪಣೆಯಂತೆ ಸ್ನಾಯುಗಳು ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತವೆ. ಯಕೃತ್ತು ಅದನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಹೆಚ್ಚಾದುದು ಕೊಬ್ಬಾಗಿ ಶೇಖರವಾಗುತ್ತದೆ. ಆರೋಗ್ಯವಂತ ಮಗುವಿನಲ್ಲಿ ಊಟದ ನಂತರ ಏರಿದ ಮಟ್ಟವು ಎರಡು ಮೂರು ತಾಸುಗಳಲ್ಲಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಆದ್ದರಿಂದ ಒಂದು ದಿನ ಹೋಳಿಗೆ ಹೆಚ್ಚು ತಿಂದಿತೆಂದು ಮಗುವಿನ ಬಗ್ಗೆ ಗಾಬರಿಪಡುವ ಕಾರಣವಿಲ್ಲ. ಸಿಹಿ ತಿಂದ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ ಎಂಬ ಮಾತೂ ಪರೀಕ್ಷೆಗೆ ನಿಂತಿಲ್ಲ. ಈ ಕುರಿತ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 1995ರಲ್ಲಿ ಅಮೆರಿಕದಲ್ಲಿ ನಡೆಸಿದ ಪರಿಶೀಲನೆಯಲ್ಲಿ ಅಂತಹ ಸಂಬಂಧ ಕಂಡುಬರಲಿಲ್ಲ. ಮದುವೆ ಮನೆಯಲ್ಲಿ ಮಕ್ಕಳು ಕುಣಿಯುವುದಕ್ಕೆ ಮದುವೆಯೇ ಸಾಕಷ್ಟು ಕಾರಣ.

ಮಕ್ಕಳಿಗೂ ದೊಡ್ಡವರಿಗೂ ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಮಗುವಿನ ಮಿದುಳು ಶರೀರದ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು ಮತ್ತು ಅದು ಬಹುಪಾಲು ಗ್ಲೂಕೋಸನ್ನೇ ಉರುವಲಾಗಿ ಬಳಸುತ್ತದೆ. ಯಕೃತ್ತಿನ ದಾಸ್ತಾನು ಮಾತ್ರ ಚಿಕ್ಕದು. ಆದ್ದರಿಂದ ದೊಡ್ಡವರು ಉಪವಾಸವನ್ನು ತಾಳಿಕೊಂಡಷ್ಟು ಚಿಕ್ಕ ಮಕ್ಕಳು ತಾಳಿಕೊಳ್ಳಲಾರರು. ತೀವ್ರ ಅಪೌಷ್ಟಿಕತೆಯುಳ್ಳ ಮಗುವಿನಲ್ಲಿ ರಕ್ತದ ಗ್ಲೂಕೋಸ್ ಅಪಾಯಕಾರಿ ಮಟ್ಟಕ್ಕೆ ಕುಸಿಯುವ ಸಂಭವವಿರುವುದರಿಂದಲೇ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಅಂತಹ ಮಕ್ಕಳಿಗೆ ಆರಂಭದ ದಿನಗಳಲ್ಲಿ ಹಗಲು ರಾತ್ರಿ ಎನ್ನದೆ ಎರಡು ತಾಸಿಗೊಮ್ಮೆ ಆಹಾರ ನೀಡಲಾಗುತ್ತದೆ. ಅಲ್ಲಿ ಸಕ್ಕರೆ ಬೆರೆಸಿದ ಹಾಲು ಚಿಕಿತ್ಸೆಯ ಭಾಗವೇ ಆಗಿರುತ್ತದೆ.

ಒಂದೊಂದು ಸಕ್ಕರೆಯ ವೇಗ

ತಿಂದ ಪದಾರ್ಥವು ರಕ್ತದ ಗ್ಲೂಕೋಸನ್ನು ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಏರಿಸುತ್ತದೆ ಎಂಬುದನ್ನು ಅಳೆಯಲು ಗ್ಲೈಸೆಮಿಕ್ ಸೂಚ್ಯಂಕ ಎಂಬ ಮಾನದಂಡವಿದೆ. ಶುದ್ಧ ಗ್ಲೂಕೋಸ್‌ಗೆ 100 ಎಂದು ಇಟ್ಟುಕೊಂಡರೆ ಸುಕ್ರೋಸ್ ಸುಮಾರು 65, ಲ್ಯಾಕ್ಟೋಸ್ 45ರ ಆಸುಪಾಸು, ಫ್ರಕ್ಟೋಸ್ 20ರ ಆಸುಪಾಸು ಬರುತ್ತವೆ. ಸುಕ್ರೋಸ್‌ನ ಅಂಕಿ ಗ್ಲೂಕೋಸ್‌ಗಿಂತ ಕಡಿಮೆ ಇರುವುದಕ್ಕೆ ಕಾರಣ ಸರಳ. ಅದರ ಅರ್ಧ ಭಾಗ ಫ್ರಕ್ಟೋಸ್ ಆಗಿದ್ದು, ಆ ಅರ್ಧವು ಗ್ಲೂಕೋಸ್ ಮಾಪನದಲ್ಲಿ ನೇರವಾಗಿ ಕಾಣಿಸುವುದಿಲ್ಲ.

ಈ ಅಂಕಿಗಳನ್ನು ನೋಡಿ ಫ್ರಕ್ಟೋಸ್ ಎಲ್ಲಕ್ಕಿಂತ ನಿರಪಾಯಕಾರಿ ಎಂದು ತೀರ್ಮಾನಿಸುವುದು ಅವಸರವಾದೀತು. ಮಧುಮೇಹಿಗಳ ಸಿಹಿ ಎಂಬ ಹೆಸರಿನಲ್ಲಿ ಫ್ರಕ್ಟೋಸ್ ಬೆರೆಸಿದ ತಿನಿಸುಗಳು ಹಿಂದೆ ಮಾರಾಟಕ್ಕೆ ಬಂದದ್ದು ಇಂತಹ ಅವಸರದಿಂದಲೇ. ಫ್ರಕ್ಟೋಸ್‌ನ ವಿಲೇವಾರಿ ಬಹುಪಾಲು ಯಕೃತ್ತಿನಲ್ಲಿ ನಡೆಯುತ್ತದೆ. ಅಲ್ಲಿ ಅದಕ್ಕೆ ಇನ್ಸುಲಿನ್‌ನ ಅಪ್ಪಣೆ ಬೇಕಾಗಿಲ್ಲ, ಸಾಕು ಎನ್ನುವ ತಡೆಯೂ ಇಲ್ಲ. ಸ್ವಲ್ಪ ಸ್ವಲ್ಪವಾಗಿ ಬಂದಲ್ಲಿ ತೊಂದರೆಯಿಲ್ಲ. ಪಾನೀಯದ ರೂಪದಲ್ಲಿ ಒಮ್ಮೆಲೇ ಹೆಚ್ಚು ಬಂದಲ್ಲಿ ಯಕೃತ್ತು ಅದರ ಒಂದು ಪಾಲನ್ನು ಕೊಬ್ಬಾಗಿ ಪರಿವರ್ತಿಸುತ್ತದೆ. ದಿನವೂ ಹೀಗಾದಲ್ಲಿ ಆ ಕೊಬ್ಬು ಯಕೃತ್ತಿನಲ್ಲಿಯೇ ಸೇರಿಕೊಂಡು, ಕಾಲಾನಂತರ ಇನ್ಸುಲಿನ್‌ನ ಮಾತನ್ನು ಶರೀರ ಕೇಳದಂತಾಗುತ್ತದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೊಜ್ಜು ಹಾಗೂ ಅದಕ್ಕೆ ಸಂಬಂಧಿಸಿದ ತೊಂದರೆಗಳಿದ್ದ 43 ಮಕ್ಕಳಿಗೆ ಒಂಬತ್ತು ದಿನ ವಿಶೇಷ ಆಹಾರ ನೀಡಿ, ಅದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಲಾಯಿತು. ಒಟ್ಟು ಕ್ಯಾಲೊರಿಯನ್ನು ಕಡಿಮೆ ಮಾಡದೆ, ಸೇರಿಸಿದ ಸಕ್ಕರೆಯನ್ನು ಮಾತ್ರ ತೆಗೆದು ಅಷ್ಟೇ ಕ್ಯಾಲೊರಿಯ ಪಿಷ್ಟವನ್ನು ಕೊಡಲಾಗಿತ್ತು. ಅಷ್ಟು ಕಡಿಮೆ ಅವಧಿಯಲ್ಲಿಯೇ ಅವರ ರಕ್ತದ ಕೊಬ್ಬು, ಇನ್ಸುಲಿನ್ ಮತ್ತು ರಕ್ತದೊತ್ತಡದಲ್ಲಿ ಇಳಿಕೆ ಕಂಡುಬಂದಿತು. ಯಕೃತ್ತಿನ ಕೊಬ್ಬು ಕಡಿಮೆಯಾದ ವಿವರ 2017ರಲ್ಲಿ ಹೊರಬಂದಿತು. ಹೋಲಿಕೆಗೆಂದು ಮತ್ತೊಂದು ಗುಂಪನ್ನು ಇಟ್ಟುಕೊಂಡಿರದ ಚಿಕ್ಕ ಪ್ರಯೋಗ ಇದಾಗಿದ್ದು, ಇದೊಂದರ ಮೇಲೆಯೇ ಎಲ್ಲವನ್ನೂ ನಿರ್ಧರಿಸಲಾಗದು. ಆದರೂ ಕ್ಯಾಲೊರಿ ಸಮನಾಗಿದ್ದರೂ ಸಕ್ಕರೆಯ ಪರಿಣಾಮ ಬೇರೆಯಾಗಿರಬಹುದೆಂಬುದಕ್ಕೆ ಇದು ಗಮನಾರ್ಹ ಸಾಕ್ಷ್ಯ.

ಹಾಲಿನ ಲ್ಯಾಕ್ಟೋಸ್ ಇವೆಲ್ಲಕ್ಕಿಂತ ಸೌಮ್ಯವಾದುದು. ತಾಯಿಯ ಹಾಲಿನಲ್ಲಿ ಅದು ಶೇಕಡಾ 7ರಷ್ಟು, ಆಕಳ ಹಾಲಿನಲ್ಲಿ ಶೇಕಡಾ 5ಕ್ಕೆ ಸಮೀಪದಷ್ಟು ಇರುತ್ತದೆ. ರಾಜ್ಯದ ಶಾಲೆಗಳಲ್ಲಿ 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರ ಭಾಗ್ಯ ಯೋಜನೆಯಡಿ ಮಕ್ಕಳಿಗೆ ನೀಡುವ 150 ಮಿಲಿಲೀಟರ್ ಹಾಲಿನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಸಹಜವಾಗಿಯೇ ಇರುತ್ತದೆ. ಮೇಲಿನಿಂದ ಹಾಕುವ ಸಕ್ಕರೆ ಬೇರೆಯ ಲೆಕ್ಕ. ಕೆಲವು ಮಕ್ಕಳಿಗೆ ಬೆಳೆದಂತೆ ಲ್ಯಾಕ್ಟೋಸ್ ಬಿಡಿಸುವ ಕಿಣ್ವ ಕಡಿಮೆಯಾಗಿ, ಹಾಲು ಕುಡಿದರೆ ಹೊಟ್ಟೆ ಉಬ್ಬರ ಹಾಗೂ ಭೇದಿ ಆಗುವುದುಂಟು. ಅಂತಹವರು ಮೊಸರು, ಮಜ್ಜಿಗೆಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತಾರೆ.

ಬೆಲ್ಲ, ಕಾಕವಿ, ಕಬ್ಬಿನ ಹಾಲು, ಜೇನು

ಈ ಭಾಗದ ಪೋಷಕರು ಹೆಚ್ಚು ಗಮನಿಸಬೇಕಾದ ವಿಷಯ ಇದೇ ಆಗಿದೆ. ಬೆಲ್ಲದಲ್ಲಿ ಶೇಕಡಾ 65ರಿಂದ 85ರಷ್ಟು ಸುಕ್ರೋಸ್ ಇದ್ದು, ಅದರ ಜೊತೆಗೆ ಶೇಕಡಾ 10ರಿಂದ 15ರಷ್ಟು ಬಿಡಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇರುತ್ತವೆ. ಉಳಿದುದು ತೇವಾಂಶ ಹಾಗೂ ಖನಿಜಗಳು. ರಕ್ತದ ಗ್ಲೂಕೋಸನ್ನು ಏರಿಸುವಲ್ಲಿ ಬೆಲ್ಲವು ಸಕ್ಕರೆಗಿಂತ ಹಿಂದೆ ಬೀಳುವುದಿಲ್ಲ. ಕಾಕವಿಗೂ ಇದೇ ಮಾತು ಅನ್ವಯಿಸುತ್ತದೆ.

ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ ಎಂಬುದು ನಿಜ. ಅದರ ಪ್ರಮಾಣವನ್ನು ಮಾತ್ರ ಯಾರೂ ಕೇಳುವುದಿಲ್ಲ. ನೂರು ಗ್ರಾಂ ಬೆಲ್ಲದಲ್ಲಿ ಅದು ಕೆಲವೇ ಮಿಲಿಗ್ರಾಂ. ಮಗುವಿನ ಕೈಗೆ ಕೊಡುವ ಹತ್ತು ಗ್ರಾಂ ತುಂಡಿನಲ್ಲಿ ಒಂದು ಮಿಲಿಗ್ರಾಂನಷ್ಟೂ ದೊರೆಯುವುದು ಕಷ್ಟ, ಮತ್ತು ಅದರಲ್ಲಿಯೂ ಶರೀರ ಹೀರಿಕೊಳ್ಳುವುದು ಅಲ್ಪ ಭಾಗ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಿಗದಿಪಡಿಸಿದೆ. ಬೆಲ್ಲದಿಂದಲೇ ಅದನ್ನು ತುಂಬಿಸಹೊರಟರೆ ಮಗು ಊಟವನ್ನೇ ಬಿಡಬೇಕಾದೀತು. ರಕ್ತಹೀನತೆಗೆ ಅಂಗನವಾಡಿ ಮತ್ತು ಶಾಲೆಗಳ ಮೂಲಕ ಕೊಡುವ ಕಬ್ಬಿಣಾಂಶದ ಸಿರಪ್ ಹಾಗೂ ಮಾತ್ರೆಗಳಿವೆ. ಕಾಳು, ಸೊಪ್ಪು, ಸಜ್ಜೆಯ ರೊಟ್ಟಿ ಇವೆ. ಊಟದ ಜೊತೆ ನಿಂಬೆರಸ ಸೇರಿದರೆ ಕಬ್ಬಿಣಾಂಶವು ಹೆಚ್ಚು ಹೀರಿಕೆಯಾಗುತ್ತದೆ. ಇಂಡಿಯ ನಿಂಬೆ ಭೌಗೋಳಿಕ ಸೂಚ್ಯಂಕ ಪಡೆದ ಬೆಳೆಯಾಗಿರುವುದರಿಂದ ಇದಕ್ಕೆ ಇಲ್ಲಿ ಕೊರತೆಯೂ ಇಲ್ಲ.

ಕಬ್ಬನ್ನು ಹಲ್ಲಿನಿಂದ ಸಿಗಿದು ತಿನ್ನುವುದಕ್ಕೂ ಗಾಣದ ಕಬ್ಬಿನ ಹಾಲು ಕುಡಿಯುವುದಕ್ಕೂ ವ್ಯತ್ಯಾಸವಿದೆ. ಜಗಿಯುವಾಗ ದವಡೆ ದಣಿಯುತ್ತದೆ, ರಸ ನಿಧಾನವಾಗಿ ಹೊಟ್ಟೆ ಸೇರುತ್ತದೆ, ಒಂದೆರಡು ಗಣ್ಣಿಗೆ ಮಗು ತಾನೇ ನಿಲ್ಲಿಸುತ್ತದೆ. ಅದೇ ರಸವನ್ನು ಗ್ಲಾಸಿನಲ್ಲಿ ಕೊಟ್ಟರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಇನ್ನೂರು ಮಿಲಿಲೀಟರ್ ಕಬ್ಬಿನ ಹಾಲಿನಲ್ಲಿ 25 ಗ್ರಾಂಗೆ ಕಡಿಮೆಯಿಲ್ಲದಷ್ಟು ಸಕ್ಕರೆ ಇರುತ್ತದೆ. ತಾಜಾ ಎಂಬ ಕಾರಣಕ್ಕೆ ಅದು ಬಾಟಲಿಯ ಪಾನೀಯಕ್ಕಿಂತ ಹಗುರವಾಗುವುದಿಲ್ಲ. ಜಗಿದರೂ ಕುಡಿದರೂ ಹಲ್ಲಿಗೆ ಹಾನಿ ತಪ್ಪಿದ್ದಲ್ಲವಾದ್ದರಿಂದ ಬಾಯಿ ಮುಕ್ಕಳಿಸುವುದನ್ನು ಮಕ್ಕಳಿಗೆ ರೂಢಿಸತಕ್ಕದ್ದು. ಕಬ್ಬು ಕಡಿಯಲು ಊರು ಬಿಟ್ಟು ಹೋಗುವ ತಾಂಡಾಗಳ ಕುಟುಂಬಗಳ ಮಕ್ಕಳ ವಿಷಯದಲ್ಲಿ ಹೆಚ್ಚು ಚಿಂತಿಸಬೇಕಾದದ್ದು ಅವರು ಜಗಿಯುವ ಕಬ್ಬಿನ ಬಗ್ಗೆ ಅಲ್ಲ, ರೊಟ್ಟಿ ಪಲ್ಯದ ಬದಲು ಚಹಾ ಬಿಸ್ಕತ್ತಿನಲ್ಲಿಯೇ ಕಳೆದುಹೋಗುವ ಹೊತ್ತಿನ ಬಗ್ಗೆ.

ಜೇನಿನಲ್ಲಿ ಫ್ರಕ್ಟೋಸ್ ಶೇಕಡಾ 38ರಷ್ಟು, ಗ್ಲೂಕೋಸ್ ಶೇಕಡಾ 31ರಷ್ಟು ಇರುತ್ತದೆ. ಇದೂ ಸಕ್ಕರೆಯೇ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನನ್ನು ನೆಕ್ಕಿಸಲೂ ಬಾರದು. ಜೇನಿನಲ್ಲಿ ಕೆಲವೊಮ್ಮೆ ಇರುವ ಬೊಟುಲಿಸಮ್ ರೋಗಾಣುವಿನ ಬೀಜಕಗಳು ಹಸುಗೂಸಿನ ಕರುಳಿನಲ್ಲಿ ಮೊಳೆತು ವಿಷವನ್ನು ಉಂಟುಮಾಡಬಲ್ಲವು. ಆ ವಿಷವು ಸ್ನಾಯುಗಳನ್ನು ನಿಶ್ಚಲಗೊಳಿಸಿ ಉಸಿರಾಟಕ್ಕೇ ಸಂಚಕಾರ ತರುತ್ತದೆ.

ಹಣ್ಣುಗಳ ವಿಷಯದಲ್ಲಿ ಭಯಪಡಬೇಕಾಗಿಲ್ಲ. ಬಾಳೆ, ಪೇರಲ, ದ್ರಾಕ್ಷಿಗಳಲ್ಲಿ ಫ್ರಕ್ಟೋಸ್ ಇದ್ದರೂ ನಾರು ಹಾಗೂ ನೀರಿನ ಜೊತೆ ಬರುವುದರಿಂದ ಅದು ನಿಧಾನವಾಗಿ ಒಳಸೇರುತ್ತದೆ. ಜಿಲ್ಲೆಯ ಹೆಸರಾಂತ ಒಣದ್ರಾಕ್ಷಿಯಲ್ಲಿ ನೀರು ಹೋಗಿ ಸಕ್ಕರೆ ಸಾಂದ್ರವಾಗಿರುತ್ತದೆ. ಒಂದು ಹಿಡಿ ಸಾಕು. ಹಣ್ಣಿನ ರಸವನ್ನು ಸೋಸಿ ಕೊಟ್ಟರೆ ನಾರು ಸೋಸಣಿಕೆಯಲ್ಲಿಯೇ ಉಳಿಯುತ್ತದೆ. ಅತಿಯಾಗಿ ರಸ ಕುಡಿಯುವ ಚಿಕ್ಕ ಮಕ್ಕಳಿಗೆ ಕರುಳು ಅಷ್ಟು ಫ್ರಕ್ಟೋಸನ್ನು ಹೀರಲಾರದೆ ಪದೇ ಪದೇ ಭೇದಿಯಾಗುವುದೂ ಉಂಟು.

ಮೊದಲ ಎರಡು ವರ್ಷ

ಹುಟ್ಟಿದ ಮಗುವಿಗೆ ಸಕ್ಕರೆ ನೀರು, ಬೆಲ್ಲದ ನೀರು ಅಥವಾ ಜೇನು ಕೊಡುವ ಪದ್ಧತಿಯನ್ನು ಕೈಬಿಡಬೇಕು. ಒಂದು ತಾಸಿನೊಳಗೆ ತಾಯಿಯ ಗಿಣ್ಣದ ಹಾಲನ್ನು ಕೊಟ್ಟು, ಆರು ತಿಂಗಳವರೆಗೆ ತಾಯಿಯ ಹಾಲನ್ನೇ ಕೊಡತಕ್ಕದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಕ್ಕರೆ ಸೇರಿಸದಿರಲು ತಿಳಿಸುತ್ತದೆ. ರಾಗಿ ಗಂಜಿ ಅಥವಾ ಅನ್ನ ಬೇಳೆಯನ್ನು ಸಪ್ಪೆಯಾಗಿ ಉಣ್ಣಲು ಕಲಿತ ಮಗುವಿಗೆ ಅದರ ರುಚಿಯೇ ರುಚಿಯಾಗಿರುತ್ತದೆ. ಸಪ್ಪೆ ಎನಿಸುವುದು ಉಣಿಸುವ ದೊಡ್ಡವರಿಗೆ.

ಈ ಸಲಹೆಗೆ ಬಲ ನೀಡುವ ಒಂದು ಅಧ್ಯಯನ 2024ರಲ್ಲಿ ಸೈನ್ಸ್ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆಗೆ ಪಡಿತರ ಜಾರಿಗೆ ಬಂದು, 1953ರ ಸೆಪ್ಟೆಂಬರ್‌ನಲ್ಲಿ ರದ್ದಾಯಿತು. ರದ್ದಾದ ಕೂಡಲೇ ಜನರ ಸಕ್ಕರೆ ಬಳಕೆ ಸುಮಾರು ಇಮ್ಮಡಿಯಾಯಿತು. ಗರ್ಭದಲ್ಲಿದ್ದಾಗ ಹಾಗೂ ಶೈಶವದಲ್ಲಿ ಪಡಿತರದ ಕಾಲವನ್ನು ಕಂಡವರನ್ನು, ಅದರ ನಂತರ ಹುಟ್ಟಿದವರೊಂದಿಗೆ ಹೋಲಿಸಲಾಯಿತು. ಮೊದಲ ಗುಂಪಿನವರಿಗೆ ದೊಡ್ಡವರಾದ ಮೇಲೆ ಎರಡನೆಯ ಬಗೆಯ ಮಧುಮೇಹ ಬರುವ ಸಂಭವ ಶೇಕಡಾ 35ರಷ್ಟು, ರಕ್ತದೊತ್ತಡದ ಸಂಭವ ಶೇಕಡಾ 20ರಷ್ಟು ಕಡಿಮೆ ಇದ್ದುದು ಕಂಡುಬಂದಿತು.

ಕರ್ನಾಟಕದಲ್ಲಿಯೂ ಇದಕ್ಕೆ ಸಮೀಪದ ಸಂಶೋಧನೆ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಹುಟ್ಟಿದ ಶಿಶುಗಳ ತೂಕ ಹಾಗೂ ಅಳತೆಗಳನ್ನು ದಾಖಲಿಸಿ ಇಟ್ಟಿತ್ತು. ಕಡತಗಳನ್ನು ಜೋಪಾನವಾಗಿ ಇಡುವುದರ ಬೆಲೆ ಏನೆಂಬುದು ಅರ್ಧ ಶತಮಾನದ ಬಳಿಕ ತಿಳಿಯಿತು. ಆ ಕಡತಗಳಲ್ಲಿದ್ದವರನ್ನು ಹುಡುಕಿ ಪರೀಕ್ಷಿಸಿ, ಹುಟ್ಟಿನ ಕಾಲದ ಸ್ಥಿತಿಗೂ ಮುಂದಿನ ಮಧುಮೇಹಕ್ಕೂ ಇರುವ ನಂಟನ್ನು ಅಲ್ಲಿ ಅಭ್ಯಾಸ ಮಾಡಲಾಯಿತು. ನಂತರ 1997-98ರ ಗರ್ಭಿಣಿಯರ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದಾಗ, ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬು ಮತ್ತು ಇನ್ಸುಲಿನ್ ಮಟ್ಟ ಹೆಚ್ಚಿದ್ದುದು ಕಂಡುಬಂದಿತು. ತೂಕ ಕಡಿಮೆಯಿದ್ದರೂ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಿರುವುದು ಭಾರತೀಯ ಶಿಶುಗಳ ಒಂದು ಲಕ್ಷಣವೆಂದು ಪುಣೆಯ ಸಂಶೋಧಕರೂ ತೋರಿಸಿದ್ದಾರೆ. 2016-18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ದೇಶದ ಹದಿಹರೆಯದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಮಧುಮೇಹದ ಹೊಸ್ತಿಲಲ್ಲಿರುವುದು ಗೊತ್ತಾಯಿತು. ಆದ್ದರಿಂದ ಮಗು ತೆಳ್ಳಗಿದೆ, ಎಷ್ಟು ಸಿಹಿ ತಿಂದರೂ ನಡೆದೀತು ಎಂಬ ಮಾತನ್ನು ಒಪ್ಪಲಾಗದು.

ದಿನದ ಮಿತಿ

ಸೇರಿಸಿದ ಸಕ್ಕರೆ, ಬೆಲ್ಲ, ಜೇನು ಹಾಗೂ ರಸಗಳಲ್ಲಿರುವ ಸಕ್ಕರೆಯು ದಿನದ ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, ಶೇಕಡಾ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿದೆ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 1700 ಕ್ಯಾಲೊರಿ ಎಂದು ಹಿಡಿದರೆ ಶೇಕಡಾ 5 ಎಂದರೆ ಸುಮಾರು 21 ಗ್ರಾಂ, ಅಂದರೆ ಐದು ಚಹಾ ಚಮಚ. ಶೇಕಡಾ 10 ಎಂದರೆ 42 ಗ್ರಾಂ.

ಒಂದು ಸಾಮಾನ್ಯ ದಿನವನ್ನು ಲೆಕ್ಕ ಹಾಕಿ ನೋಡಬಹುದು. ಬೆಳಗ್ಗೆ ಎರಡು ಚಮಚ ಸಕ್ಕರೆಯ ಚಹಾ, 8 ಗ್ರಾಂ. ಅದರಲ್ಲಿ ಅದ್ದಿ ತಿನ್ನುವ 50 ಗ್ರಾಂ ಬಿಸ್ಕತ್ತಿನ ತೂಕದಲ್ಲಿ ಸುಮಾರು ಕಾಲು ಭಾಗ ಸಕ್ಕರೆ, 12 ಗ್ರಾಂ. ಶಾಲೆಗೆ ಹೊರಡುವ ಮೊದಲೇ ಐದು ಚಮಚದ ಮಿತಿ ಮುಗಿಯಿತು. ಸಂಜೆ ಒಂದು ಗ್ಲಾಸು ಕಬ್ಬಿನ ಹಾಲು ಸೇರಿದರೆ 45 ಗ್ರಾಂ ಆಗಿ ಎರಡನೆಯ ಮಿತಿಯೂ ದಾಟಿತು. ಇದರಲ್ಲಿ ಹಬ್ಬವಿಲ್ಲ, ಜಾತ್ರೆಯಿಲ್ಲ. ಹಬ್ಬದ ಹೋಳಿಗೆಯನ್ನು ಕಸಿದುಕೊಳ್ಳುವುದಕ್ಕಿಂತ ದಿನನಿತ್ಯದ ಚಹಾ ಬಿಸ್ಕತ್ತಿನ ಜಾಗದಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕೊಡುವುದು ಹೆಚ್ಚು ಫಲಕಾರಿ. ರೊಟ್ಟಿಯ ಪಿಷ್ಟವೂ ಗ್ಲೂಕೋಸೇ ಆಗುತ್ತದಾದರೂ ನಾರು, ಶೇಂಗಾದ ಎಣ್ಣೆ, ಮೊಸರಿನ ಪ್ರೋಟೀನ್ ಜೊತೆಗಿದ್ದಾಗ ಅದು ತಾಸುಗಟ್ಟಲೆ ಹಂಚಿಕೊಂಡು ರಕ್ತವನ್ನು ಸೇರುತ್ತದೆ.

ಈ ದಿಸೆಯಲ್ಲಿ ಸಾರ್ವಜನಿಕ ಕ್ರಮಗಳೂ ನಡೆದಿವೆ. ಮೊಟ್ಟೆ ತಿನ್ನದ ಶಾಲಾ ಮಕ್ಕಳಿಗೆ ನೀಡಲಾಗುತ್ತಿದ್ದ ಶೇಂಗಾ ಚಿಕ್ಕಿಯನ್ನು, ಅದರ ಸಕ್ಕರೆ ಅಂಶವೂ ಸೇರಿದಂತೆ ಹಲವು ಕಾರಣಗಳಿಂದ, ರಾಜ್ಯದಲ್ಲಿ 2025ರ ಆರಂಭದಲ್ಲಿ ಕೈಬಿಡಲಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ತನ್ನ ಶಾಲೆಗಳಲ್ಲಿ ಸಕ್ಕರೆಯ ಪ್ರಮಾಣ ತಿಳಿಸುವ ಫಲಕಗಳನ್ನು ಹಾಕಲು ಸೂಚಿಸಿತು. ಸಕ್ಕರೆಯ ಬದಲು ಕೃತಕ ಸಿಹಿಕಾರಕಗಳಿಗೆ ಹೋಗುವ ಅವಶ್ಯಕತೆ ಮಕ್ಕಳಿಗಿಲ್ಲ.

ವಾಂತಿ ಭೇದಿಯಲ್ಲಿ ಸಕ್ಕರೆ

ಸಕ್ಕರೆಯು ಪ್ರಾಣ ಉಳಿಸುವ ಸಂದರ್ಭವೂ ಉಂಟು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಒಟ್ಟಿಗೆ ಒಳಸೇರುವ ದಾರಿಯಿದ್ದು, ಅವುಗಳ ಹಿಂದೆಯೇ ನೀರೂ ಸೇರುತ್ತದೆ. ಓ.ಆರ್.ಎಸ್. ದ್ರಾವಣದ ಗುಟ್ಟು ಇದೇ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇದನ್ನು ವ್ಯಾಪಕವಾಗಿ ಬಳಸಿ ಸಾವಿರಾರು ಜನರನ್ನು ಉಳಿಸಿದರು. ಪ್ರಮಾಣ ಇಲ್ಲಿ ಅತಿ ಮುಖ್ಯ. ಒಂದು ಲೀಟರ್ ದ್ರಾವಣದಲ್ಲಿ ಗ್ಲೂಕೋಸ್ ಕೇವಲ 13.5 ಗ್ರಾಂ ಇರುತ್ತದೆ. ತಂಪು ಪಾನೀಯದಲ್ಲಿ ಅದು ಲೀಟರಿಗೆ 100 ಗ್ರಾಂ ಮೀರುತ್ತದೆ. ಅಷ್ಟು ಸಕ್ಕರೆಯು ನೀರನ್ನು ಒಳಗೆ ಕಳುಹಿಸುವ ಬದಲು ಕರುಳಿನೊಳಕ್ಕೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಓ.ಆರ್.ಎಸ್. ಎಂಬ ಹೆಸರನ್ನು ಹಚ್ಚಿಕೊಂಡ ಸಿಹಿ ಪಾನೀಯಗಳು ಔಷಧ ಅಂಗಡಿಗಳಲ್ಲಿಯೂ ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಆಹಾರ ಪಾನೀಯಗಳಿಗೆ ಆ ಹೆಸರನ್ನು ಬಳಸದಂತೆ ಆದೇಶಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಉಲ್ಲೇಖ ಇರುವುದನ್ನು ನೋಡಿಯೇ ಕೊಳ್ಳತಕ್ಕದ್ದು. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಹಾಗೂ ಆರೋಗ್ಯ ಕೇಂದ್ರಗಳಲ್ಲಿ ಇದು ದೊರೆಯುತ್ತದೆ. ಸಿಗದಿದ್ದಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕೊಡಬಹುದು. ಬರಿ ಗ್ಲೂಕೋಸ್ ಪುಡಿಯ ನೀರು ಇದಕ್ಕೆ ಬದಲಿಯಲ್ಲ. ಅದರಲ್ಲಿ ಬೇಕಾದಷ್ಟು ಉಪ್ಪು ಇರುವುದಿಲ್ಲ.

ಒಂದನೆಯ ಬಗೆಯ ಮಧುಮೇಹ

ಮಕ್ಕಳಲ್ಲಿ ಕಾಣುವ ಒಂದನೆಯ ಬಗೆಯ ಮಧುಮೇಹವು ಸಿಹಿ ತಿಂದದ್ದರಿಂದ ಬರುವುದಲ್ಲ. ಶರೀರದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಪಡಿಸುವುದು ಇದರ ಕಾರಣ. ತಾಯಿ ಹೆಚ್ಚು ಸಿಹಿ ಕೊಟ್ಟಳೆಂದು ದೂಷಿಸುವುದು ಅನ್ಯಾಯ. ಅದಕ್ಕಿಂತ ಕೆಡುಕೆಂದರೆ, ಸಿಹಿ ಬಿಡಿಸಿದರೆ ಸಾಕೆಂದು ಕಾಯುತ್ತ ಕೂಡುವುದು.

ಮಗು ಪದೇ ಪದೇ ಮೂತ್ರ ಮಾಡುವುದು, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸುವುದು, ತಣಿಯದ ಬಾಯಾರಿಕೆ, ಚೆನ್ನಾಗಿ ಉಂಡರೂ ಕೆಲವೇ ವಾರಗಳಲ್ಲಿ ಸೊರಗುವುದು, ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುವುದು, ಇವು ಮುನ್ಸೂಚನೆಗಳು. ಹೊಟ್ಟೆನೋವು, ವಾಂತಿ, ಆಳವಾದ ವೇಗದ ಉಸಿರು, ಬಾಯಿಯಿಂದ ಹಣ್ಣಿನಂತಹ ವಾಸನೆ, ಮಂಪರು ಕಾಣಿಸಿಕೊಂಡಲ್ಲಿ ಒಂದು ತಾಸೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಇದನ್ನು ಹೊಟ್ಟೆ ಕೆಟ್ಟದ್ದೆಂದು ಭಾವಿಸಿ ಗ್ಲೂಕೋಸ್ ನೀರು ಕುಡಿಸುವುದರಿಂದ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ಊಟದ ಮೊದಲು ಅಥವಾ ನಂತರ ಎನ್ನದೆ ಯಾವ ಹೊತ್ತಿನಲ್ಲಿಯಾದರೂ ಇಂತಹ ಲಕ್ಷಣಗಳೊಂದಿಗೆ ರಕ್ತದ ಗ್ಲೂಕೋಸ್ 200 ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಅದು ಮಧುಮೇಹವೆಂದೇ ಅರ್ಥ.

ಇದಕ್ಕೆ ಇನ್ಸುಲಿನ್ ಚುಚ್ಚುಮದ್ದೊಂದೇ ಆಧಾರ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆಯ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಎಲೆ, ಬೇರು, ಕಷಾಯಗಳನ್ನು ನಂಬಿ ಇನ್ಸುಲಿನ್ ನಿಲ್ಲಿಸಿದ ಮಗುವಿನ ಸ್ಥಿತಿ ಇಂದಿಗೂ ಹಾಗೆಯೇ ಆಗುತ್ತದೆ.

ಇನ್ಸುಲಿನ್ ಪಡೆಯುವ ಮಗು ಊಟ ತಪ್ಪಿಸಿದರೆ ಅಥವಾ ಹೆಚ್ಚು ಆಡಿದರೆ ರಕ್ತದ ಗ್ಲೂಕೋಸ್ 70ಕ್ಕಿಂತ ಕೆಳಗಿಳಿದು ನಡುಕ, ಬೆವರು, ಸಿಡುಕು, ಮಂಕು ಕಾಣಿಸಿಕೊಳ್ಳಬಹುದು. ಸಕ್ಕರೆಗಳ ವೇಗದ ವ್ಯತ್ಯಾಸ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಗಳಿಗೆಯಲ್ಲಿಯೇ. ಗ್ಲೂಕೋಸ್ ಪುಡಿಯೇ ಇಲ್ಲಿ ಶ್ರೇಷ್ಠ. ಅದಿಲ್ಲದಿದ್ದರೆ ಸಕ್ಕರೆ ನೀರು. ಇಪ್ಪತ್ತು ಕಿಲೋದ ಮಗುವಿಗೆ ಎರಡು ಚಹಾ ಚಮಚ, ದೊಡ್ಡ ಮಕ್ಕಳಿಗೆ ಮೂರರಿಂದ ನಾಲ್ಕು ಚಮಚ ನೀಡಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪೇಡೆ, ಚಾಕಲೇಟುಗಳಲ್ಲಿ ಕೊಬ್ಬು ಇರುವುದರಿಂದ ಅವು ತಡವಾಗಿ ಕೆಲಸ ಮಾಡುತ್ತವೆ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕದೆ 108 ಆಂಬುಲೆನ್ಸಿಗೆ ಕರೆ ಮಾಡತಕ್ಕದ್ದು.

ಇಂತಹ ಮಕ್ಕಳು ತರಗತಿಯಲ್ಲಿ ರಕ್ತ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಹಾಗೂ ಪರೀಕ್ಷೆಯ ಸಮಯದಲ್ಲಿಯೂ ತಿನಿಸು ಇಟ್ಟುಕೊಳ್ಳಲು ಅವಕಾಶ ನೀಡುವಂತೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ಪೋಷಕರು ಮಗುವಿನ ಸ್ಥಿತಿಯನ್ನು ಮುಚ್ಚಿಡದೆ ಮುಖ್ಯ ಗುರುಗಳಿಗೆ ಹಾಗೂ ತರಗತಿಯ ಶಿಕ್ಷಕರಿಗೆ ತಿಳಿಸಿ, ಗ್ಲೂಕೋಸ್ ಪುಡಿಯ ಒಂದು ಪೊಟ್ಟಣವನ್ನು ಶಾಲೆಯಲ್ಲಿ ಇರಿಸುವುದು. ಮೇಲೆ ಹೇಳಿದ ಲಕ್ಷಣಗಳು ಕಂಡುಬಂದ ಮಗುವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದು. ಬೆರಳ ತುದಿಯ ಒಂದು ಹನಿ ರಕ್ತದಿಂದ ಒಂದು ನಿಮಿಷದೊಳಗೆ ಗ್ಲೂಕೋಸ್ ಮಟ್ಟ ತಿಳಿಯುತ್ತದೆ.